ಬೆಲ್ಲದ ಎದುರಿಗೆ ನಾನು

ಮೂವತ್ತೆರಡು ಗ್ರಾಂ. ಕಾಲೇಜಿನ ಪ್ರಯೋಗಾಲಯದಲ್ಲಿ, ಅಟೆಂಡರ್ ಟೀ ಕುಡಿಯಲು ಹೋಗಿದ್ದ ಹೊತ್ತಿನಲ್ಲಿ, ಮೂರು ಸಲ ತೂಗಿ ಸರಾಸರಿ ತೆಗೆದದ್ದು. ಅದು ನನ್ನ ಚೀಲದ ತೂಕ, ಖಾಲಿ ಇದ್ದಾಗ. ಎರಡು ವರ್ಷದ ಹಿಂದೆ ಮೈಸೂರಿನ ವೈದ್ಯರು ಹುಣ್ಣಾಗಿ ಕೆಟ್ಟುಹೋಗಿದ್ದ ನನ್ನ ದೊಡ್ಡ ಕರುಳನ್ನು ತೆಗೆದುಹಾಕಿ, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತಂದು ಪುಟ್ಟದೊಂದು ಬಾಯಿ ಮಾಡಿಕೊಟ್ಟರು. ಅಲ್ಲಿಂದ ಬರುವುದು ಮೈಗೆ ಅಂಟಿಸಿಕೊಂಡ ಚೀಲಕ್ಕೆ ಬೀಳುತ್ತದೆ. ತುಂಬಿದಾಗ ಹೋಗಿ ಖಾಲಿ ಮಾಡಿ ಬರುತ್ತೇನೆ. ಇಷ್ಟೇ ಸಂಗತಿ. ಆದರೆ ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಇಳಿಯುವ ಸ್ಟಾಪನ್ನೂ ಹೇಳದ ಜಾತಿಯವಳು. ಇದನ್ನು ಅಪ್ಪ, ಅಮ್ಮ, ಅಜ್ಜಿ ಈ ಮೂವರನ್ನು ಬಿಟ್ಟು ಊರಲ್ಲಿ ಯಾರಿಗೂ ಹೇಳಿರಲಿಲ್ಲ; ಯಾರಿಗೂ ಬಾಯಿಬಿಡುವುದಿಲ್ಲ ಎಂದು ಆ ಮೂವರಿಂದಲೂ ಆಣೆ ಇಡಿಸಿಕೊಂಡಿದ್ದೆ. ಈಗ ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಕಾರಣ, ನಾನು ಬರೆಯದಿದ್ದರೂ ನಮ್ಮೂರು ಮಿರ್ಲೆಯ ಸುತ್ತಮುತ್ತ ಎಲ್ಲರಿಗೂ ಅದು ಗೊತ್ತಾಗಿಹೋಗಿರುವುದು. ಗೊತ್ತಾದದ್ದು ಬೆಲ್ಲದಿಂದ.

ಆಪರೇಷನ್ ಆದ ವಾರ ನಾನು ಮೂವತ್ತೆಂಟು ಕೆ.ಜಿ. ಇದ್ದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ಅಜ್ಜಿ ನಮ್ಮೂರ ಈಶ್ವರನಿಗೆ ಹರಕೆ ಹೊತ್ತರು: ಮೊಮ್ಮಗಳು ಎದ್ದು ಓಡಾಡಿದರೆ ಅವಳ ತೂಕದಷ್ಟು ಬೆಲ್ಲ ತುಲಾಭಾರ ಕೊಡುತ್ತೇನೆ. ಮೂರನೆಯ ತಿಂಗಳಿಗೆ ನಾನು ಎದ್ದು ಓಡಾಡಿದೆ. ಸರಿ, ಮುಗಿಸಿಬಿಡೋಣ ಎಂದರೆ ಅಜ್ಜಿ ಒಪ್ಪಲಿಲ್ಲ. "ಈ ಮೂಳೆ ಚಕ್ಕಳನ ತಕ್ಕಡೀಲಿ ಕೂರ್ಸಿ ದೇವ್ರಿಗೆ ಮೋಸ ಮಾಡಕಾದದಾ? ಮೈ ತುಂಬ್ಕಳ್ಳಿ ತಡಿ" ಎಂದರು. ಎಷ್ಟು ತುಂಬಿಕೊಳ್ಳಬೇಕು ಎಂದು ಕೇಳಿದೆ. ನಾನು ರಸಾಯನಶಾಸ್ತ್ರ ಪಾಠ ಮಾಡುವವಳು, ಗುರಿ ಎಂದರೆ ನನಗೆ ಸಂಖ್ಯೆ ಬೇಕು. ಅಜ್ಜಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಅರವತ್ತು" ಎಂದರು. ಯಾಕೆ ಅರವತ್ತು? "ನೋಡಕ್ಕೆ ಸಂದಾಗಿರ್ತದೆ."

ಅಂದಿನಿಂದ ನಾನು ಹರಕೆಗೆ ಬಿಟ್ಟ ಪ್ರಾಣಿಯಂತೆ ಬೆಳೆದೆ. ಬೆಳಿಗ್ಗೆ ತುಪ್ಪ, ಮಧ್ಯಾಹ್ನ ತುಪ್ಪ, ಸಂಜೆ ಬಂದವರು ಹೋದವರು ತಂದ ನಾಟಿಕೋಳಿ ಮೊಟ್ಟೆ. ಮೊದಮೊದಲು ನನಗೂ ಇದು ಹಬ್ಬವೇ. ವರ್ಷಗಟ್ಟಲೆ ಊಟವೆಂದರೆ ಹೆದರಿ ಓಡಿದವಳಿಗೆ ಹಸಿವಾಗುವುದೇ ಒಂದು ಸಂಭ್ರಮ. ತೊಂದರೆ ಬಂದದ್ದು ಮುದ್ದೆಯಲ್ಲಿ. ಚೀಲದ ವಿಷಯ ನೋಡಿಕೊಳ್ಳುವ ಮೈಸೂರಿನ ನರ್ಸ್, "ಏನೇ ತಿಂದ್ರೂ ಇಪ್ಪತ್ತು ಸಲ ಅಗಿದು ತಿನ್ನಿ, ಇಲ್ದಿದ್ರೆ ಕಟ್ಕೊಳುತ್ತೆ" ಎಂದಿದ್ದರು. ಅವರು ಯಾವ ಸೀಮೆಯವರೋ ಕಾಣೆ. ನಮ್ಮ ಕಡೆ ಮುದ್ದೆಯನ್ನು ಮುರಿದು, ಸಾರಿಗೆ ಅದ್ದಿ, ನುಂಗುತ್ತಾರೆ. ಅಗಿಯುವವರನ್ನು ಕಂಡರೆ ಪಂಕ್ತಿಯಲ್ಲಿ ಕೂತವರು ಊಟ ನಿಲ್ಲಿಸಿ ನೋಡುತ್ತಾರೆ. ಒಂದು ಬಸ್ಸಾರಿನ ದಿನ ನಾನು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುತ್ತ ಮುದ್ದೆ ಅಗಿಯುವುದನ್ನು ಅಜ್ಜಿ ಹದಿನಾಲ್ಕರವರೆಗೆ ಸಹಿಸಿಕೊಂಡರು. ಆಮೇಲೆ, "ಎಮ್ಮೆ ಮೆಲುಕಾಕ್ದಂಗೆ ಅದೇನವ್ವ ಅದು! ಯಾರಾರ ನೋಡುದ್ರೆ ಏನಂದಾರು? ಬಾಗ್ಲಾಕ್ಕಂಡು ತಿನ್ನು" ಎಂದು ಎದ್ದು ಹೋಗಿ ತಾವೇ ಬಾಗಿಲು ಹಾಕಿದರು. ಚೀಲದ ವಿಷಯದಲ್ಲಿ ಎಂದೂ ನಾಚಿಕೆಪಡದ ಅಜ್ಜಿ, ನಾನು ಮುದ್ದೆ ಅಗಿಯುವ ಗುಟ್ಟನ್ನು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಐವತ್ತೆಂಟಕ್ಕೆ ಬಂದಾಗ ಚೀಲ ಮುನಿಸಿಕೊಂಡಿತು. ಚಪ್ಪಟೆ ಹೊಟ್ಟೆಗೆ ಅಳತೆ ತೆಗೆದು ಅಂಟಿಸಿದ್ದು ಅದು. ಈಗ ಅಲ್ಲಿ ಅಜ್ಜಿಯ ತುಪ್ಪ ಒಂದು ಮಡಿಕೆಯಾಗಿ ಕೂತಿತ್ತು. ಕೂತರೆ ಅಂಟು ಬಿಡುತ್ತಿತ್ತು. ಒಂದು ದಿನ ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದಾಗ ಬಲಗಡೆ ಬೆಚ್ಚಗಾದಂತಾಗಿ, ಅರ್ಧ ಬರೆದ ಸಮೀಕರಣವನ್ನು ಬೋರ್ಡಿನ ಮೇಲೇ ಬಿಟ್ಟು ಹೊರಗೆ ನಡೆದೆ. ವಿದ್ಯಾರ್ಥಿಗಳು ಸಂತೋಷಪಟ್ಟರು. ನಾನು ರಜೆ ಹಾಕಿ ನೇರ ಮೈಸೂರಿಗೆ ಹೋದೆ. ನರ್ಸ್ ನೋಡಿ, "ಐವತ್ತಾರಕ್ಕೆ ಇಳೀರಿ, ಅಲ್ಲೇ ನಿಲ್ಲಿ. ತೂಕ ಮೇಲೆ ಕೆಳಗೆ ಆಡ್ತಿದ್ರೆ ಯಾವ ಚೀಲಾನೂ ನಿಲ್ಲಲ್ಲ" ಎಂದರು. ಹಿಂದಿರುಗುವ ದಾರಿಯಲ್ಲಿ ಯೋಚಿಸಿದೆ: ಅಜ್ಜಿಯ ಅರವತ್ತು ಬರುವವರೆಗೆ ತುಪ್ಪ ನಿಲ್ಲುವುದಿಲ್ಲ, ತುಪ್ಪ ನಿಲ್ಲದಿದ್ದರೆ ನಾನು ತರಗತಿಯಲ್ಲಿ ನಿಲ್ಲುವಂತಿಲ್ಲ. ತುಪ್ಪ ನಿಲ್ಲಬೇಕಾದರೆ ಹರಕೆ ತೀರಬೇಕು. ಹರಕೆ ತೀರಬೇಕಾದರೆ ಊರವರ ಎದುರು ನಾನು ತಕ್ಕಡಿಯ ಮೇಲೆ ಕೂರಬೇಕು. ಪ್ರಪಂಚದಲ್ಲಿ ನನಗೆ ಇಷ್ಟವಿಲ್ಲದ ಕೆಲಸಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ.

ಎರಡು ತಿಂಗಳು ಬಾಗಿಲು ಹಾಕಿಕೊಂಡು ಅಗಿದು, ತುಪ್ಪವನ್ನು ಅಪ್ಪನ ತಟ್ಟೆಗೆ ಸಾಗಿಸಿ, ಕೆರೆ ಏರಿಯ ಮೇಲೆ ನಡೆದು ಐವತ್ತಾರಕ್ಕೆ ಇಳಿದೆ. ನಂತರ ಅಜ್ಜಿಯ ಜೊತೆ ಮಾತುಕತೆಗೆ ಕೂತೆ. ದೇವರಿಗೆ ಐವತ್ತಾರು ಸಾಕು ಎಂಬುದಕ್ಕೆ ಅಜ್ಜಿ ನಿಟ್ಟುಸಿರುಬಿಟ್ಟು ಒಪ್ಪಿದರು. ನನ್ನ ಷರತ್ತುಗಳು ಮೂರು: ಬುಧವಾರ, ಬೆಳಿಗ್ಗೆ ಏಳು ಗಂಟೆ, ಮನೆಯವರು ಮಾತ್ರ. ಮೂರನ್ನೂ ಅಜ್ಜಿ ಅಕ್ಷರಶಃ ಪಾಲಿಸಿದರು. ಬುಧವಾರ ಬೆಳಿಗ್ಗೆ ಏಳಕ್ಕೆ ದೇವಸ್ಥಾನದಲ್ಲಿ ನಲವತ್ತು ಜನರಿದ್ದರು. ನಮ್ಮೂರಲ್ಲಿ ಅಣ್ಣತಮ್ಮಂದಿರ ಮನೆಗಳೇ ಎಂಟಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದು ನನ್ನ ತಪ್ಪು.

ಒಂದು ತಟ್ಟೆಯಲ್ಲಿ ನಾನು ಕೂತೆ, ಇನ್ನೊಂದರಲ್ಲಿ ಅಪ್ಪ ಆಲೆಮನೆಯಿಂದ ತಂದ ಬೆಲ್ಲದ ಅಚ್ಚುಗಳನ್ನು ಜೋಡಿಸತೊಡಗಿದರು. ಸೆರಗನ್ನು ಬಲಗಡೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ನಂದಿಯ ಬೆನ್ನು ನೋಡುತ್ತ ಕೂತಿದ್ದೆ. ತಟ್ಟೆ ಮೆಲ್ಲಗೆ ನೆಲ ಬಿಟ್ಟಿತು. ಇನ್ನೆರಡು ನಿಮಿಷ, ಎಲ್ಲ ಮುಗಿಯುತ್ತದೆ ಅಂದುಕೊಂಡೆ. ಆಗ ಕಂಬದ ಪಕ್ಕದಿಂದ ಅಜ್ಜಿ ನನಗೆ ಪಿಸುಮಾತಿನಲ್ಲಿ ಏನೋ ಕೇಳಿದರು. ಅಜ್ಜಿಗೆ ಕಿವಿ ಮಂದ. ಅವರ ಪಿಸುಮಾತು ಕೆರೆಯಾಚೆಗೂ ಕೇಳಿಸುತ್ತದೆ.

"ಮಗಾ, ಚೀಲ ಖಾಲಿ ಮಾಡ್ದಾ?"

ಹೌದೆಂದು ತಲೆಯಾಡಿಸಿದೆ. ಅಜ್ಜಿಗೆ ಸಮಾಧಾನವಾಗಲಿಲ್ಲ. "ಬಾಯ್ಬುಟ್ಟು ಯೋಳವ್ವ! ಅದ್ರಲ್ಲಿರೋದುನ್ನೆಲ್ಲ ಬೆಲ್ಲದೆದ್ರಿಗೆ ತೂಗಕಾದದಾ?"

ಅರ್ಚಕರ ಕೈಯಲ್ಲಿದ್ದ ಗಂಟೆ ನಿಂತಿತು. "ಯಾವ ಚೀಲ ಅಜ್ಜಿ?"

"ಅಜ್ಜಿ, ಆಣೆ ಇಟ್ಟಿದ್ದೆ ನೀನು" ಎಂದೆ ಹಲ್ಲು ಕಚ್ಚಿ.

"ನಿಂಗೆ ಆಣೆ ಇಟ್ಟಿದ್ದೆ ಕಣವ್ವ, ಇವನ ಎದ್ರಿಗೆ ಮುಚ್ಚಿಡಕಾದದಾ?" ಎಂದು ಗರ್ಭಗುಡಿಯ ಕಡೆ ಕೈ ತೋರಿಸಿ, ಅಜ್ಜಿ ನಲವತ್ತು ಜನರಿಗೂ ವಿಷಯ ವಿವರಿಸಿದರು. ಅಂಟು, ಮುಚ್ಚಳ, ಖಾಲಿ ಮಾಡುವ ಕ್ರಮ, ಎಲ್ಲವನ್ನೂ. ನಾನು ನೆಲಕ್ಕಿಂತ ಒಂದು ಗೇಣು ಮೇಲೆ ತೂಗಾಡುತ್ತಿದ್ದೆ. ಇಳಿದು ಓಡುವಂತೆಯೂ ಇರಲಿಲ್ಲ. ಅರ್ಚಕರು ಗಂಟೆ ಕೆಳಗಿಟ್ಟು, "ಅದುಕ್ಯಾಕಜ್ಜಿ ಇಷ್ಟೊಂದು? ಅವ್ಳುದು ಒರಗದೆ, ನಮ್ದು ಒಳಗದೆ. ನಾನೇನು ಒಟ್ಟೆ ತೊಳ್ಕಂಡು ಗರ್ಭಗುಡಿಗೋಗ್ತೀನಾ?" ಎಂದರು. ಯಾರೋ ಕಿಸಕ್ಕೆಂದರು. ಪಕ್ಕದ ಮನೆಯ ಗೌರಕ್ಕ ತಡೆಯಲಾರದೆ, "ಅಂಗಾರೆ ಮಗ, ದೂರದೂರಿನ ಬಸ್ಸತ್ತುದ್ರೆ ನಿಂಗೆ ಯೋಚ್ನೆನೇ ಇಲ್ಲ ಬುಡು! ನಮ್ಮನೇವ್ರಿಗೂ ಒಂದು ಅಂಟ್ಸದಾದ್ರೆ ನೋಡು, ಮೈಸೂರಿಗೋಗೋದ್ರೊಳಗೆ ಮೂರು ಕಡೆ ಬಸ್ ನಿಲ್ಲುಸ್ತಾರೆ" ಎಂದರು. ಗೌರಕ್ಕನ ಯಜಮಾನರು ಅಲ್ಲೇ ನಿಂತಿದ್ದರು. ಅವರ ಮುಖ ನೋಡಿ ನನಗೆ ನಗು ಬಂತು. ನಾನು ನಕ್ಕ ರಭಸಕ್ಕೆ ತಕ್ಕಡಿ ಓಲಾಡಿ, ಎದುರು ತಟ್ಟೆಯಿಂದ ಎರಡು ಅಚ್ಚು ಉರುಳಿಬಿದ್ದವು.

ಅಜ್ಜಿ ಮಾತ್ರ ಇನ್ನೂ ಲೆಕ್ಕದಲ್ಲೇ ಇದ್ದರು. "ಬರೀ ಚೀಲುದ್ದು ಎಷ್ಟಾಗ್ತದವ್ವ ತೂಕ?" ಸುಮ್ಮನಿರಬಹುದಿತ್ತು. "ಮೂವತ್ತೆರಡು ಗ್ರಾಂ" ಎಂದು ಊರ ಎದುರಿಗೆ, ತರಗತಿಯಲ್ಲಿ ಹೇಳುವ ಗಟ್ಟಿದನಿಯಲ್ಲಿ, ನಾನೇ ಹೇಳಿದೆ. ಅಜ್ಜಿ ಬೆಲ್ಲದ ತಟ್ಟೆಯಿಂದ ಒಂದು ಅಚ್ಚು ತೆಗೆದು, ಚೀಲದ ತೂಕದಷ್ಟು ಮೂಲೆ ಮುರಿದು, ಕಣ್ಣಳತೆಯಲ್ಲೇ ಸರಿನೋಡಿ, ಅದನ್ನು ತಂದು ನನ್ನ ಬಾಯಿಗೆ ಹಾಕಿದರು. "ಇದು ಅವನ್ದಲ್ಲ, ನಿಂದು."

ತುಲಾಭಾರದ ಬೆಲ್ಲವನ್ನು ಮನೆಮನೆಗೆ ಹಂಚುವುದು ನಮ್ಮೂರ ಪದ್ಧತಿ. ಸಂಜೆಯ ಹೊತ್ತಿಗೆ ಆ ಬೆಲ್ಲವೆಲ್ಲ ಕಜ್ಜಾಯ, ಒಬ್ಬಟ್ಟು, ಪಾಯಸವಾಗಿ ನಮ್ಮ ಮನೆಗೇ ವಾಪಸು ಬಂತು. ತಂದ ಒಬ್ಬೊಬ್ಬರೂ ಕೂತು ಚೀಲದ ವಿಷಯ ಕೇಳಿದರು, ನಾನು ಒಬ್ಬೊಬ್ಬರಿಗೂ ಹೇಳಿದೆ. ಹೇಳುತ್ತ ಹೇಳುತ್ತ ಕಜ್ಜಾಯ ಎಷ್ಟು ತಿಂದೆನೋ ಲೆಕ್ಕವಿಡಲಿಲ್ಲ. ಅಗಿದದ್ದಂತೂ ಇಪ್ಪತ್ತು ಸಲವೇ.

ಮರುದಿನ ಬೆಳಿಗ್ಗೆ ಚೀಲ ಖಾಲಿ ಮಾಡಿ, ಬಳೆ ಬಿಚ್ಚಿಟ್ಟು, ಕಾಲ್ಚೈನನ್ನೂ ತೆಗೆದಿಟ್ಟು ತೂಕದ ಯಂತ್ರದ ಮೇಲೆ ನಿಂತೆ. ಐವತ್ತಾರು ಕೆ.ಜಿ. ಎಂಟುನೂರು ಗ್ರಾಂ. ಆ ಯಂತ್ರಕ್ಕೆ ನೂರು ಗ್ರಾಂಗಿಂತ ಚಿಕ್ಕದು ಕಾಣಿಸುವುದೇ ಇಲ್ಲ. ಆದರೂ ನರ್ಸಿಗೆ ತೋರಿಸುವ ಪುಸ್ತಕದಲ್ಲಿ ಮೂವತ್ತೆರಡು ಗ್ರಾಂ ಕಳೆದು ಬರೆದೆ.