ಹೊಸ್ತಿಲಾಚೆ ನಿಂತು ನಮ್ಮ ಮನೆಯನ್ನು ತಪಾಸಣೆ ಮಾಡಿದ ಅಧಿಕಾರಿಗಳಿಗೆ

ಮಾನ್ಯರೇ,

ಗೋಡೆ ಕಂಡಲ್ಲಿ ಬಿರುಕು ಕಾಣುವ, ಬಿರುಕು ಕಂಡಲ್ಲಿ ಬಾಡಿಗೆದಾರನ ತಪ್ಪು ಕಾಣುವ, ವಾಸದ ಮನೆಗಳ ಸುರಕ್ಷತಾ ತಪಾಸಣಾಧಿಕಾರಿಗಳಾದ ತಮ್ಮ ಪಾದಗಳಿಗೆ, ಅವು ನಮ್ಮ ಹೊಸ್ತಿಲನ್ನು ದಾಟದೇ ಇದ್ದರೂ, ನಿಯಮಾನುಸಾರ ಆರಡಿ ದೂರದಿಂದಲೇ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇವೆ. ನಾವೂ ಕ್ಷೇಮ, ಆದರೆ ತಮ್ಮ ಆದೇಶದ ಪ್ರಕಾರ ನಾವು ಕ್ಷೇಮವಾಗಿರಲು ಸಾಧ್ಯವೇ ಇಲ್ಲವಾದ್ದರಿಂದ ಈ ವಾಕ್ಯವನ್ನು ತಾವು ಬೇಕಾದಂತೆ ತಿದ್ದಿಕೊಳ್ಳಬಹುದು.

ಮೊದಲಿಗೆ ನನ್ನ ಪರಿಚಯ. ನಾನು ಸೂಟ್‌ಕೇಸು, ಕೈಚೀಲ ಮಾರುವ ಅಂಗಡಿಯಲ್ಲಿ ಕೆಲಸದಲ್ಲಿದ್ದವನು. ಯಾರೂ ಎಲ್ಲಿಗೂ ಹೋಗಕೂಡದೆಂದು ಸರ್ಕಾರ ಸಾರಿದ ದಿನ ನಮ್ಮಂಗಡಿಯ ಬಾಗಿಲು ಎಲ್ಲರಿಗಿಂತ ಮೊದಲು ಮುಚ್ಚಿತು, ಏಕೆಂದರೆ ಮನೆಯೊಳಗೇ ಕೂತವರಿಗೆ ಚಕ್ರವಿರುವ ಪೆಟ್ಟಿಗೆಯಿಂದ ಆಗಬೇಕಾದ್ದೇನೂ ಇರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಸಾಲಾಗಿ ಬರುವವರ ಮೂಗಿನೊಳಗೆ ಕಡ್ಡಿ ಹಾಕಿ, ಸೋಂಕಿದೆಯೋ ಇಲ್ಲವೋ ಎಂದು ನೋಡಲು ಮಾದರಿ ತೆಗೆಯುವುದು ಈಗ ಅವಳ ಕೆಲಸ. ನಮ್ಮ ಜೊತೆಗಿರುವ ಮೂರನೆಯವರು ನನ್ನ ಅತ್ತೆ. ನಾಲ್ಕನೆಯವರೆಂದು ಮನೆಯನ್ನೇ ಲೆಕ್ಕ ಹಿಡಿಯಬಹುದು, ಅದರ ಆರೋಗ್ಯವನ್ನೂ ನಾವೇ ನೋಡಿಕೊಳ್ಳಬೇಕಾಗಿತ್ತು.

ಆ ಮನೆಯ ವಿಷಯ. ಮಾಲೀಕರು ಕೆಳಗೆ, ನಾವು ಮೇಲೆ. ಅಡುಗೆಮನೆಯ ಗೋಡೆಯ ಬಿರುಕಿನಲ್ಲಿ ಅತ್ತೆ ಬಾಚಣಿಗೆ ಸಿಕ್ಕಿಸಿಡುತ್ತಿದ್ದರು, ಅದಕ್ಕೆಂದೇ ಮಾಡಿಸಿದ ಗೂಡೇನೋ ಎಂಬಷ್ಟು ಅನುಕೂಲವಾಗಿತ್ತು. ಮೆಟ್ಟಿಲ ಕಂಬಿ ನಮ್ಮನ್ನು ಹಿಡಿದುಕೊಳ್ಳುತ್ತಿರಲಿಲ್ಲ, ನಾವೇ ಅದನ್ನು ಹಿಡಿದುಕೊಂಡು ಇಳಿಯಬೇಕಿತ್ತು. ಬಚ್ಚಲುಮನೆಯ ಸ್ವಿಚ್ಚು ಒದ್ದೆ ಕೈಗೂ ಹೊಡೆಯುತ್ತಿತ್ತು, ಒಣ ಕೈಗೂ ಹೊಡೆಯುತ್ತಿತ್ತು. ಅದರ ಪಕ್ಕದಲ್ಲಿ ನಾವು ಒಂದು ಮರದ ಸೌಟನ್ನು ನೇತುಹಾಕಿ, ದೀಪ ಬೇಕಾದವರು ಅದರ ಹಿಡಿಯಿಂದ ಒತ್ತತಕ್ಕದ್ದು ಎಂದು ಮನೆಮಟ್ಟಿಗೆ ಒಂದು ಕಾನೂನು ಮಾಡಿಕೊಂಡಿದ್ದೆವು. ಇವೆಲ್ಲವನ್ನೂ ಮಾಲೀಕರ ಗಮನಕ್ಕೆ ಎಂಟು ವರ್ಷಗಳಿಂದ ತರುತ್ತಲೇ ಬಂದೆ. ಅವರು ಎಂಟೂ ವರ್ಷ ಒಂದೇ ಉತ್ತರವನ್ನು ಸ್ವರ ಬದಲಿಸದೆ ಕೊಟ್ಟರು: “ಹಳೇ ಮನೆ ಅಂದ್ರೆ ಹಾಗೇ ಕಣ್ರೀ. ವಯಸ್ಸಾದ್ಮೇಲೆ ಮನುಷ್ಯರಿಗೇ ಮಂಡಿ ನೋಯಲ್ವಾ?”

ಇಂಥ ದೃಢಚಿತ್ತರನ್ನು ಬದಲಿಸಿದ್ದು ಕಣ್ಣಿಗೆ ಕಾಣದ ಒಂದು ಹುಳು. ಆಸ್ಪತ್ರೆಯಲ್ಲಿ ದುಡಿಯುವವರಿಗೆಲ್ಲ ಚಪ್ಪಾಳೆ ತಟ್ಟಿ ಎಂದಾಗ ನಮ್ಮ ಮಾಲೀಕರು ಅಂಗಳಕ್ಕೆ ಬಂದು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮರುದಿನ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದು, ಮೂಗಿನ ಮೇಲೆ ಟವೆಲ್ಲು ಒತ್ತಿ ಹಿಡಿದು ಹೇಳಿದರು: “ನಿಮ್ಮ ಮನೆಯವ್ರು ದೇವ್ರು ಕಣ್ರೀ, ದೇವ್ರು. ಆದ್ರೆ ದೇವ್ರು ದಿನಾ ನಮ್ಮ ಮೆಟ್ಲಲ್ಲಿ ಹತ್ತಿ ಇಳಿದ್ರೆ ಹೇಗೆ ಹೇಳಿ?” ಮನೆ ಬಿಡಿ ಎನ್ನಲು ಅವರಿಗೆ ಧೈರ್ಯವಿತ್ತು, ದಾರಿ ಇರಲಿಲ್ಲ. ಸೋಂಕು ಇಳಿಯುವವರೆಗೆ ಯಾವ ಬಾಡಿಗೆದಾರರನ್ನೂ ಹೊರಹಾಕಕೂಡದೆಂದು ಸರ್ಕಾರದ ಅಪ್ಪಣೆಯಾಗಿತ್ತು. ಆದರೆ ಆ ಅಪ್ಪಣೆಗೆ ಒಂದು ಕಿಟಕಿಯನ್ನೂ ಇಟ್ಟಿದ್ದರು: ಮನೆಯೇ ಅಪಾಯಕಾರಿ ಎಂದು ತಪಾಸಣಾಧಿಕಾರಿಗಳು ಹೇಳಿದರೆ, ಬಾಡಿಗೆದಾರರ ಕ್ಷೇಮಕ್ಕಾಗಿಯೇ ಅವರನ್ನು ಖಾಲಿ ಮಾಡಿಸಬಹುದು. ಕ್ಷೇಮ ಎಂಬ ಪದಕ್ಕೆ ಇಷ್ಟು ದೂರ ನೂಕುವ ಶಕ್ತಿ ಇದೆಯೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಚಪ್ಪಾಳೆ ತಟ್ಟಿದ ಕೈಯಿಂದಲೇ ಮಾಲೀಕರು ತಮಗೆ ಅರ್ಜಿ ಬರೆದರು.

ತಾವೂ ತಡಮಾಡಲಿಲ್ಲ. ನಾನು ಎಂಟು ವರ್ಷ ತಮಗೂ ಬರೆಯುತ್ತಿದ್ದ ದೂರುಗಳಿಗೆ ಕಿವಿ ಇಲ್ಲದಿದ್ದ ಕಚೇರಿ, ಮಾಲೀಕರ ಒಂದು ಅರ್ಜಿಗೆ ಕಾಲನ್ನೇ ಬೆಳೆಸಿಕೊಂಡು ಓಡಿ ಬಂತು. ಬರುವ ಮುಂಚೆ ಒಂದು ಮಾತು ತಿಳಿಸಬೇಕೆಂಬುದು ಬಾಡಿಗೆದಾರನ ಹಕ್ಕೆಂದು ಕೇಳಿದ್ದೆ. ತಿಳಿಸಿದ್ದರೆ ನಾವು ಸೌಟನ್ನಾದರೂ ಅಡುಗೆಮನೆಗೆ ಕಳಿಸಿರುತ್ತಿದ್ದೆವು. ಅದಕ್ಕೂ ಅವಕಾಶ ಕೊಡದೆ, ಅಡಿಯಿಂದ ಮುಡಿಯವರೆಗೆ ಬಿಳಿಯ ಪ್ಲಾಸ್ಟಿಕ್ಕು ತೊಟ್ಟು, ಹಾಲಿನ ಪ್ಯಾಕೆಟ್ಟಿಗೆ ಕೈಕಾಲು ಬಂದಂತೆ ತಾವು ನಮ್ಮ ಬಾಗಿಲಲ್ಲಿ ಪ್ರತ್ಯಕ್ಷರಾದಿರಿ. ಒಳಗೆ ಬನ್ನಿ ಎಂದೆ. ಈ ಮನೆಯಲ್ಲಿ ಆಸ್ಪತ್ರೆಯವರಿದ್ದಾರಂತೆ, ಬರುವ ಹಾಗಿಲ್ಲ ಎಂದಿರಿ. ಹೆಂಡತಿ ಡ್ಯೂಟಿಗೆ ಹೋಗಿದ್ದಾಳೆ ಎಂದೆ. ಹಾಗಾದರೆ ಅವರ ಗಾಳಿ ಇರುತ್ತದೆ ಎಂದಿರಿ. ಗಾಳಿಗೂ ಹಾಜರಿ ಹಾಕುವ ತಮ್ಮ ಎಚ್ಚರಕ್ಕೆ ನಾನು ಅಲ್ಲೇ ಮನಸೋತೆ.

ಮುಂದೆ ನಡೆದದ್ದನ್ನು ನೆನೆದರೆ ಇಂದಿಗೂ ರೋಮಾಂಚನವಾಗುತ್ತದೆ. ತಾವು ಹೊಸ್ತಿಲಾಚೆ ನಿಂತು, “ಆ ಗೋಡೆ ತಟ್ಟಿ, ನಾನಿಲ್ಲಿಂದ ಕೇಳಿಸ್ಕೋತೀನಿ” ಎಂದಿರಿ. ನಾನು ಗಟ್ಟಿ ಇದ್ದಲ್ಲಿ ಗುದ್ದಿದೆ, ಟೊಳ್ಳಿದ್ದಲ್ಲಿ ಸವರಿದೆ. ಮಾಲೀಕರು ತಮ್ಮ ಬೆನ್ನ ಹಿಂದಿನಿಂದ, “ಅಲ್ಲಲ್ಲ ಸಾರ್, ಎಡಗಡೆ ತಟ್ಟಕ್ಕೆ ಹೇಳಿ, ಎಡಗಡೆ! ಮುಟ್ಟಿದ್ರೆ ಉದುರುತ್ತೆ!” ಎಂದು ಕೂಗಿದರು. ಮಾನ್ಯರೇ, ಎಂಟು ವರ್ಷ ನಾನು ಹೇಳುತ್ತಿದ್ದ ಮಾತುಗಳನ್ನು ಅವರು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು, ಅವರು ಹೇಳುತ್ತಿದ್ದ ಮಾತುಗಳನ್ನು ನಾನು. ಹಳೇ ಮನೆ ಅಂದ್ರೆ ಹಾಗೇ ಸಾರ್, ಎಂದು ನನ್ನ ಬಾಯಿಂದಲೇ ಬಂದಾಗ ನನ್ನ ನಾಲಿಗೆಗೆ ನಾಚಿಕೆಯಾಯಿತು. ಆದರೆ ತಲೆಯ ಮೇಲಿನ ಸೂರು ಹೋಗುವ ಹೊತ್ತಿನಲ್ಲಿ ನಾಲಿಗೆಯ ಮಾತು ಯಾರು ಕೇಳುತ್ತಾರೆ? ಸ್ವಿಚ್ಚು ಹಾಕಿ ತೋರಿಸಿ ಎಂದಿರಿ. ಬರಿಗೈಯಲ್ಲಿ ಹಾಕಿದೆ. ಮೊಳಕೈವರೆಗೆ ಮಿಂಚು ಹರಿಯಿತು. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವುದು ಎಷ್ಟು ಮುಖ್ಯವೆಂದು ಸರ್ಕಾರ ಏಕೆ ಬಡಿದುಕೊಳ್ಳುತ್ತದೆಂದು ಅಂದು ಅರ್ಥವಾಯಿತು. ಕಚ್ಚಿಕೊಂಡ ಹಲ್ಲು ತಮಗೆ ಕಾಣಲಿಲ್ಲ. ಅದೇ ಗಳಿಗೆಯಲ್ಲಿ ಅಡುಗೆಮನೆಯಲ್ಲಿ ಗಾರೆಯ ಒಂದು ಹೆಂಟೆ ದೊಪ್ಪನೆ ಬಿತ್ತು. ಈ ಮನೆಯನ್ನು ಬಂದ ದಿನದಿಂದಲೂ ಹಳಿಯುತ್ತಿದ್ದ ಅತ್ತೆ ಒಳಗಿನಿಂದ, “ಏನಿಲ್ಲ ಸಾರ್, ನಾನೇ ಕಿತ್ತು ಹಾಕಿದ್ದು, ಬೇಜಾರಾಗಿತ್ತು!” ಎಂದರು.

ಅಷ್ಟಕ್ಕೇ ನಿಂತಿದ್ದರೆ ನಾವು ಗೆದ್ದಿರುತ್ತಿದ್ದೆವೋ ಏನೋ. ಆದರೆ ಮಾಲೀಕರ ಉತ್ಸಾಹಕ್ಕೆ ಕಡಿವಾಣವಿರಲಿಲ್ಲ. ಗೋಡೆ ಸಾಲದು, ಸ್ವಿಚ್ಚು ಸಾಲದು ಎಂದು ತಮ್ಮನ್ನು ಕೆಳಕ್ಕೆ ಕರೆದೊಯ್ದು, ಮೆಟ್ಟಿಲ ಕೆಳಗಿನ ಕಂಬದ ಮುಂದೆ ನಿಲ್ಲಿಸಿ, ಗಾರೆ ಕಳಚಿ ತುಕ್ಕು ಹಿಡಿದ ಕಬ್ಬಿಣ ಕಾಣುವ ಜಾಗವನ್ನು ಮದುವೆಗೆ ಬಂದವರಿಗೆ ಒಡವೆ ತೋರಿಸುವಂತೆ ಟಾರ್ಚು ಬಿಟ್ಟು ತೋರಿಸಿದರು. ತಾವು ನೋಡಿದಿರಿ, ತಲೆದೂಗಿದಿರಿ, ಹೊರಟುಹೋದಿರಿ. ನಾಲ್ಕು ದಿನಕ್ಕೆ ಆದೇಶ ಬಂತು. ಈ ಕಂಬದ ಮೇಲೆ ಇಡೀ ಕಟ್ಟಡ ನಿಂತಿರುವುದರಿಂದ ಕಟ್ಟಡದಲ್ಲಿರುವ ಎಲ್ಲರೂ, ಮಾಲೀಕರೂ ಸೇರಿದಂತೆ, ಈ ತಿಂಗಳೊಳಗೆ ಖಾಲಿ ಮಾಡತಕ್ಕದ್ದು. ಅದೇ ದಿನ ತಮ್ಮದೇ ಕಚೇರಿಯ ಜೀಪು, ಯಾರೂ ಮನೆ ಬಿಟ್ಟು ಹೊರಗೆ ಬರಬೇಡಿ ಎಂದು ಬೀದಿಯಲ್ಲಿ ಕೂಗುತ್ತಾ ಹೋಯಿತು. ನಾನು ಬೇಜಾರಾದಾಗ ಪ್ರಾಸ ಕಟ್ಟುವ ಚಟದವನು. ಆವತ್ತು ಕಟ್ಟಿದ್ದು ಇಷ್ಟು:

ಹೊರಗೆ ಹೋದರೆ ಸೋಂಕಂತೆ,
ಒಳಗೆ ಕೂತರೆ ಶಾಕಂತೆ,
ಹೊಸ್ತಿಲ ಮೇಲೆ ನಿಲ್ಲೋಣವೆಂದರೆ
ಅಲ್ಲಿ ಸಾಹೇಬರು ಇರಬೇಕಂತೆ.

ಮಾಲೀಕರ ಮನೆಯಲ್ಲಿ ಅಂದು ಏನಾಯಿತೋ ತಿಳಿಯದು, ಪಾತ್ರೆಗಳ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಿತು. ಸಂಜೆ ಅವರು ಮೆಟ್ಟಿಲು ಹತ್ತಿ ಬಂದರು. ಟವೆಲ್ಲು ಮೂಗಿನಿಂದ ಹೆಗಲಿಗೆ ಇಳಿದಿತ್ತು. ಮನೆ ಗಟ್ಟಿಮುಟ್ಟಾಗಿದೆ, ನಮ್ಮಿಂದ ಯಾವ ದೂರೂ ಇಲ್ಲ ಎಂದು ಇಬ್ಬರೂ ಸೇರಿ ತಮಗೆ ಬರೆದುಕೊಡೋಣವಂತೆ. “ಎಂಟು ವರ್ಷದ ನಂಟು ಕಣ್ರೀ ನಮ್ದು. ಒಂದು ಸಹಿ, ಅಷ್ಟೇ.” ನನ್ನ ಕೈ ಪೆನ್ನಿನತ್ತ ಹೋಗಿತ್ತು ಕೂಡ. ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಮಿಂದು ನಿಂತಿದ್ದ ನನ್ನ ಹೆಂಡತಿ ಕೂದಲೊರೆಸಿಕೊಳ್ಳುತ್ತಾ, “ಹಾಕೋಣ ಬಿಡಿ, ಅದಕ್ಕೇನಂತೆ. ಮೊದ್ಲು ಆ ಬಚ್ಚಲುಮನೆ ಸ್ವಿಚ್ಚನ್ನ ನೀವೊಂದ್ಸಲ ಹಾಕಿ ತೋರ್ಸಿ” ಎಂದಳು. ಮಾಲೀಕರು ಸ್ವಿಚ್ಚು ನೋಡಿದರು. ಸೌಟು ನೋಡಿದರು. “ಕರೆಂಟಿನವ್ನಿಗೆ ಹೇಳ್ತೀನಿ ಬಿಡಮ್ಮ” ಎಂದರು.

ಹೇಳಿದರು, ಮಾನ್ಯರೇ! ಕರೆಂಟಿನವನು ಬಂದ, ಟೀ ಆರುವುದರೊಳಗೆ ಸರಿ ಮಾಡಿ ಹೋದ. ನಾವು ಎಂಟು ವರ್ಷ ಸೌಟು ಹಿಡಿದು ಬದುಕಿದ್ದು ಒಂದು ಲೋಟ ಟೀಯ ಕೆಲಸಕ್ಕೆ. ಆಮೇಲೆ ಸಹಿಯ ದರ ಏರುತ್ತಾ ಹೋಯಿತು. ಕಂಬಿಗೆ ಬೆಸುಗೆಯಾಯಿತು, ಗೋಡೆಗೆ ಗಾರೆಯಾಯಿತು, ಕೊನೆಗೆ ಆ ಕಂಬಕ್ಕೆ ಸುತ್ತಲೂ ಹೊಸ ಕಬ್ಬಿಣ ಕಟ್ಟಿ ಕಾಂಕ್ರೀಟಿನ ಅಂಗಿ ತೊಡಿಸಿದರು. ಇದೆಲ್ಲ ನಡೆದದ್ದು ನಾವು ಮನೆಯೊಳಗೆ ಉಣ್ಣುತ್ತಾ, ಮಲಗುತ್ತಾ, ಸೀನುವುದನ್ನು ಅದುಮಿಕೊಳ್ಳುತ್ತಾ ಇರುವಾಗಲೇ. ಯಾರೂ ಬೀದಿಗೆ ಬೀಳಲಿಲ್ಲ. ಇದರ ಶ್ರೇಯಸ್ಸೆಲ್ಲ ತಮಗೇ ಸಲ್ಲಬೇಕು. ತಾವು ಉದ್ದೇಶಿಸದೆ ಮಾಡಿದ ಉಪಕಾರಗಳಲ್ಲಿ ಇದು ಮೊದಲನೆಯದೂ ಬಹುಶಃ ಕೊನೆಯದೂ ಆಗಿರಬಹುದು.

ಎಲ್ಲ ಮುಗಿದ ಮೇಲೆ ಇಬ್ಬರೂ ಸಹಿ ಹಾಕಿ, ರಿಪೇರಿಯಾಗಿದೆ, ಬಂದು ನೋಡಿ, ಆದೇಶ ರದ್ದುಮಾಡಿ ಎಂದು ಬೇಡಿಕೊಂಡೆವು. ತಾವು ಫೋನಿನಲ್ಲಿ ಕೃಪೆಯಿಟ್ಟು ಹೇಳಿದಿರಿ: “ಜನ ಇರೋ ಮನೆಗೆ ಈಗ ನಾವು ಬರಲ್ಲ. ಖಾಲಿ ಮಾಡಿ, ಆಮೇಲೆ ನೋಡ್ತೀವಿ.” ಅಂದರೆ, ಈ ಮನೆಯಲ್ಲಿ ವಾಸಿಸಬಹುದೆಂದು ತೋರಿಸಲು ನಾವು ಅಲ್ಲಿ ವಾಸಿಸುವುದನ್ನು ಬಿಡಬೇಕು. ಇಂಥ ತೀರ್ಪು ಕೊಡಲು ಎಷ್ಟು ಓದಿರಬೇಕೋ ನಾನು ಕಾಣೆ. ನಾನು ಓದಿದ ಸಾಧಾರಣ ಬಿ.ಎ.ಗೆ ಇದು ನಿಲುಕುವುದಿಲ್ಲ.

ಮಾಲೀಕರಿಗೆ ಮಾತ್ರ ಥಟ್ಟನೆ ನಿಲುಕಿತು. ಫೋನು ಇಟ್ಟದ್ದೇ ಟವೆಲ್ಲು ಹೆಗಲಿನಿಂದ ಮತ್ತೆ ಮೂಗಿಗೆ ಏರಿತು. ಅವರಿಗೆ ಪಕ್ಕದ ಬೀದಿಯಲ್ಲಿ ಅಣ್ಣನ ಮನೆಯಿದೆ. “ಒಂದೆರಡು ವಾರ ಎಲ್ಲಾದ್ರೂ ಇದ್ದು ಬನ್ನಿ ಮತ್ತೆ. ಬೀಗದ ಕೈ ನನ್ಹತ್ರಾನೇ ಇರುತ್ತೆ, ಚಿಂತೆ ಮಾಡ್ಬೇಡಿ” ಎಂದರು. ಅದೇ ನಮ್ಮ ಚಿಂತೆ. ಹೊಸ ಗಾರೆ, ಹೊಸ ಕಂಬಿ, ಹೊಡೆಯದ ಸ್ವಿಚ್ಚು, ಇಂಥ ಮನೆಯ ಬೀಗ ಒಮ್ಮೆ ಅವರ ಕೈಸೇರಿದರೆ ಅದು ಆಸ್ಪತ್ರೆಯ ಹೆಂಗಸಿನ ಕೈಗೆ ಮರಳುವುದು ಯಾವ ಕಾಲಕ್ಕೆ? ಬೇರೆ ಮನೆ ಹುಡುಕಿದೆವು. ಎಲ್ಲಿ ಕೆಲಸ ಎಂದು ಕೇಳುವವರೆಗೆ ಎಲ್ಲ ಬಾಗಿಲೂ ತೆರೆದಿದ್ದವು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಖಾಲಿ ಮನೆಯನ್ನು ಮಾತ್ರ ನೋಡುವುದು ತಮ್ಮ ವ್ರತವಾದರೆ, ತಾವು ಬರುವ ಆ ಅರ್ಧ ಗಂಟೆ ನಾವು ಮೂವರೂ ಅಟ್ಟ ಹತ್ತಿ ಉಸಿರು ಹಿಡಿದು ಇಲ್ಲದವರಂತೆ ಇರುತ್ತೇವೆ. ಅತ್ತೆಗೆ ಮಾತ್ರ ಕೆಮ್ಮಲು ಅನುಮತಿ ಬೇಕು. ಅದೂ ಆಗದಿದ್ದರೆ ಮನೆಯನ್ನೇ ತಮ್ಮ ಕಚೇರಿಗೆ ಕಳಿಸಿಕೊಡಬಹುದು, ಜೀಪಿನ ವ್ಯವಸ್ಥೆ ತಮ್ಮದು. ಇವೆರಡೂ ಕಷ್ಟವೆನಿಸಿದರೆ ಮೂರನೆಯದೊಂದು ಸಣ್ಣ ದಾರಿಯಿದೆ, ಹೇಳಲು ಸಂಕೋಚ: ಇನ್ನು ಮುಂದೆ ಯಾವ ಮನೆಯ ಬಗ್ಗೆ ಅಪಾಯವೆಂದು ಬರೆದರೂ, ಖಾಲಿ ಮಾಡಿ ಎಂದು ಬಾಡಿಗೆದಾರನಿಗೆ ಬರೆಯುವ ಮುಂಚೆ, ರಿಪೇರಿ ಮಾಡಿಸಿ ಎಂದು ಮಾಲೀಕನಿಗೆ ಒಂದು ಸಾಲು ಬರೆಯಿರಿ. ಒಂದೇ ಸಾಲು. ಇಂಕು ನಾನು ಕೊಡಿಸುತ್ತೇನೆ.

ಅಲ್ಲಿಯವರೆಗೆ ನಮ್ಮ ನಿರ್ಧಾರವನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಸೂಟ್‌ಕೇಸು ಮಾರುವವನ ಮನೆಯಲ್ಲಿ ಸೂಟ್‌ಕೇಸಿಗೆ ಬರವಿಲ್ಲ. ಎಲ್ಲವೂ ಅಟ್ಟದ ಮೇಲೇ ಇವೆ. ಒಂದನ್ನೂ ಇಳಿಸಿಲ್ಲ, ಇಳಿಸುವುದೂ ಇಲ್ಲ. ತಿಂಗಳು ಮುಗಿದ ದಿನ ತಾವು ಯಾರನ್ನು ಬೇಕಾದರೂ ಕರೆತನ್ನಿ; ನಾವು ಬಾಗಿಲು ತೆರೆದಿಟ್ಟು ಒಳಗೇ ಇರುತ್ತೇವೆ.

ತಮ್ಮ ವಿಶ್ವಾಸಿ,
ಹಾಗೂ ಅದೇ ಮನೆಯ ನಿವಾಸಿ

ತಾ.ಕ.: ಮೊನ್ನೆ ಹೆಂಡತಿಗೆ ಊಟದ ಡಬ್ಬಿ ಕೊಡಲು ಆಸ್ಪತ್ರೆಯ ಗೇಟಿಗೆ ಹೋಗಿದ್ದೆ. ಮಾದರಿ ಕೊಡುವವರ ಸಾಲಿನಲ್ಲಿ ತಾವು ನಿಂತಿದ್ದಿರಿ; ಬಿಳಿಯ ಪ್ಲಾಸ್ಟಿಕ್ಕು ಇರಲಿಲ್ಲ, ದನಿಯಿಂದಲೇ ಗುರುತು ಹಿಡಿದೆ. ತಮಗೆ ಆಕೆ ಯಾರೆಂದು ತಿಳಿದಿರಲಿಕ್ಕಿಲ್ಲ, ಆಕೆಗೆ ತಾವು ಯಾರೆಂದು ನಾನು ಇಂದಿಗೂ ಹೇಳಿಲ್ಲ. ಫಲಿತಾಂಶ ಏನಾಯಿತೆಂದು ಕೇಳುವ ಹಾಗಿಲ್ಲ, ಅಂಥದ್ದನ್ನು ಅವಳು ಮನೆಗೆ ತರುವವಳಲ್ಲ. ಒಳ್ಳೆಯದೇ ಬಂದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ನಾನು ಕಂಡದ್ದು ಇಷ್ಟೇ: ಅವಳು ತಮ್ಮಿಂದ ಒಂದು ಗೇಣು ದೂರದಲ್ಲಿ ನಿಂತು, ನಡುಗುತ್ತಿದ್ದ ತಮ್ಮ ಗಲ್ಲವನ್ನು ಎಡಗೈಯಲ್ಲಿ ಹಿಡಿದು, “ಹೆದರ್ಕೋಬೇಡಿ ಸಾರ್, ತಲೆ ಸ್ವಲ್ಪ ಹಿಂದಕ್ಕೆ ಮಾಡಿ” ಎಂದಳು.