ಒಂದು ಕಾರು, ನಾಲ್ಕು ಬಂಪರು

ನಮ್ಮ ಮೈದುನನ ಹತ್ತಿರ ಅಂಗಿ ಮೂರು, ಬಂಪರು ನಾಲ್ಕು. ಕಾರು ಒಂದೇ! ಉಬ್ಬಿಸಿ ಹೇಳುತ್ತಿದ್ದೇನೆ ಅನ್ನುವವರು ಹಳಿಯಾಳದ ನಮ್ಮ ಮನೆಗೆ ಬಂದು ಮಾಳಿಗೆ ಹತ್ತಿ ನೋಡಬಹುದು. ಎರಡು ಬಂಪರು ನೀರಿನ ಟಾಕಿಯ ಪಕ್ಕ ಅಂಗಾತ ಮಲಗಿವೆ. ಇನ್ನೊಂದು ಹಳೆಯ ತೊಟ್ಟಿಲಿನ ಮೇಲೆ ಬೋರಲು ಬಿದ್ದಿದೆ. ನಾಲ್ಕನೆಯದರ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಸ್ವಲ್ಪ ಉಸಿರು ತಗೊಳ್ಳಲು ಬಿಡಿ.

ಅವನಿಗೆ ನಲವತ್ತು ದಾಟಿದೆ. ಮದುವೆಯಿಲ್ಲ. ಪಂಪ್‌ಸೆಟ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿಲ್ಲ ಅನ್ನುತ್ತಾರೆ. ಹೊಲಕ್ಕೆ ನೀರು ಹಾಯಿಸುವವರೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಅವನು ಮೊದಲು ಕಾರು ತೋರಿಸುತ್ತಾನೆ, ಆಮೇಲೆ ಪಂಪು ನೋಡುತ್ತಾನೆ.

ಕಾರಾದರೂ ಎಂಥದ್ದು? ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದ, ನಮ್ಮ ದೊಡ್ಡ ಮಗಳಿಗಿಂತ ವಯಸ್ಸಾದ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಅದು ಹತ್ತುವ ಕಾರಲ್ಲ, ಇಳಿಯುವ ಕಾರು. ಬಾವಿಗೆ ಇಳಿದ ಹಾಗೆ ಇಳಿದು ಕೂರಬೇಕು, ಹೊರಗೆ ಬರುವಾಗ ಯಾರಾದರೂ ಕೈ ಕೊಟ್ಟು ಸೇದಬೇಕು! ತಂದ ದಿನ ನಾನು ಅದಕ್ಕೆ ವಿಭೂತಿ ಹಚ್ಚಿ, ದಾಸವಾಳ ಏರಿಸಿ, ಹೋದವರನ್ನು ಹೋದ ಹಾಗೆಯೇ ತಿರುಗಿ ಮನೆಗೆ ಕಳಿಸು ಶಿವನೇ ಎಂದು ಕೈಮುಗಿದೆ. ಇವನು ಗಲ್ಲಕ್ಕೆ ಕೈ ಕೊಟ್ಟು ಕಾರಿನ ಮುಖ ನೋಡುತ್ತ ನಿಂತಿದ್ದ.

"ವೈನಿ, ಇದರ ಮಾರಿ ಮ್ಯಾಲ ಸಿಟ್ಟ ಇಲ್ಲರಿ."

"ಸಿಟ್ಟ ಯಾಕ ಬೇಕಪ್ಪಾ? ಮನ್ಯಾಗ ನಾ ಇಲ್ಲೇನು?"

"ಸ್ಪೋರ್ಟ್ಸ್ ಕಾರು ಅಂದ್ರ ಮಂದಿ ಹೆದರಬೇಕ್ರಿ. ಇದು ನೋಡ್ರಿ, ಲಗ್ನಕ್ಕ ಕರ್ಯಾಕ ಬಂದೋರ ಹಂಗ ನಗಾಕತ್ತೈತಿ!"

ನಗುವ ಮುಖವನ್ನು ಬಿಚ್ಚಿ ಸಿಟ್ಟಿನ ಮುಖ ಹಾಕಿಸಲು ಅವತ್ತೇ ದಾಂಡೇಲಿಗೆ ಓಡಿದ. ಅಲ್ಲೊಬ್ಬ ಫೈಬರ್ ಕೆಲಸದ ಮಿಸ್ತ್ರಿ ಇದ್ದಾನೆ. ಇವನು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಜಗತ್ತಿನಲ್ಲಿ ಆ ಒಂದು ಪ್ರಾಣಿ ಮಾತ್ರ.

ಹೀಗೆ ಎರಡನೆಯ ಬಂಪರು ಬಂತು. ಬಣ್ಣಕ್ಕೆ ಮೊದಲು, ನುಣುಪಿಗೆಂದು ಮೆತ್ತಿದ ಪುಟ್ಟಿ ಒಣಗಬೇಕಂತೆ. ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲಿನ ಜಾಗ ನೋಡಿ, ಮೇಲೊಂದು ಹಳೆಯ ಧೋತರ ಹೊದಿಸಿ ಹೋದ. ಅದು ಸಂಡಿಗೆಯ ಕಾಲ. ನಾನು ಮುಂಜಾನೆ ಹಿಟ್ಟು ಕಾಯಿಸಿಕೊಂಡು ಮೇಲೆ ಹೋದರೆ, ನನ್ನ ಜಾಗದಲ್ಲೇ ಎತ್ತರಕ್ಕೆ ಧೋತರ ಹಾಸಿದೆ! ಇರುವೆಯ ಕಾಟ ತಪ್ಪಲಿ ಎಂದು ನಮ್ಮನೆಯವರು ಹಲಗೆ ಇಟ್ಟಿದ್ದಾರೆ, ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ದಿನವಾದರೂ ಬುದ್ಧಿ ಓಡಿಸಿದರಲ್ಲ ಎಂದು ಸಂತೋಷಪಟ್ಟು, ಸಾಲಾಗಿ ಸಂಡಿಗೆ ಇಟ್ಟು ಬಂದೆ. ಸಂಜೆ ಇವನ ಕೂಗು ಕೇಳಿ ಓಣಿಯವರೆಲ್ಲ ಹೊರಗೆ ಬಂದರು. ಹಿಟ್ಟಿನ ಬಿಸಿ ಧೋತರ ದಾಟಿ ಹಸಿ ಪುಟ್ಟಿಗೆ ಇಳಿದಿತ್ತು. ಬಂಪರಿನ ತುಂಬ ಸಿಡುಬು!

"ವೈನಿ, ಗಾಳಿ ಸೀಳ್ಕೊಂಡು ಹೋಗೂ ಸಾಮಾನ ಇದು! ಇದರ ಮ್ಯಾಲ ಸಂಡಿಗಿ ಹಾಕೋದೇನ್ರಿ?"

"ಗಾಳಿ ಸೀಳೂದು ಆಮ್ಯಾಲ. ಸಂಡಿಗಿಗೆ ಥಿನ್ನರ್ ವಾಸನಿ ಬಡದೈತಿ, ಅದನ್ನ ಯಾರು ತಿಂತಾರ?"

ಯಾರೂ ತಿನ್ನಲಿಲ್ಲ. ಯಾರ ಹೊಟ್ಟೆಯೂ ಕೆಡಲಿಲ್ಲ ಎಂದು ಆ ದಿನ ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಶ್ರಾವಣದಲ್ಲಿ ಒಂದು ಸೋಮವಾರ ಉಳವಿಯ ಗುಡಿಗೆ ಹೋಗುವುದು ಅವರ ನೇಮ. ಈ ಮನೆಗೆ ಬಂದಾಗಿನಿಂದ ನಾನೂ ಅವರ ಜೊತೆ ಹೋಗುತ್ತಿದ್ದೆ. ಅವರು ಮನೆಯವರೆಲ್ಲರ ಹೆಸರು ಹಿಡಿದು, ದನಕರುವನ್ನೂ ಬಿಡದೆ, ಬೇಡಿಕೊಳ್ಳುತ್ತಿದ್ದರು. ಕಾರು ಬಂದ ಮೇಲೆ ನನ್ನದು ಒಂದೇ ಬೇಡಿಕೆ: ಉಳವಿಯಪ್ಪಾ, ನನ್ನ ಮೈದುನನಿಗೆ ಒಂಚೂರು ಬುದ್ಧಿ ಕೊಡು.

ಹೋದ ವರ್ಷ ಮಳೆಗಾಲದ ಮೊದಲಿಗೆ ಅತ್ತೆಯ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಹೊಸ ಸೆಟ್ಟು ಬಂತು, ಬಾಯಲ್ಲಿ ಕೂರಲಿಲ್ಲ. "ಶಿವಾ" ಅಂದರೆ ಮೇಲಿನದು ಕೆಳಗೆ, "ಹರಾ" ಅಂದರೆ ಕೆಳಗಿನದು ಹೊರಗೆ! ಅದನ್ನು ಸ್ಟೀಲಿನ ಲೋಟದಲ್ಲಿ ಹಾಕಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಕೂತವರು ಹೊಸ್ತಿಲು ದಾಟಲಿಲ್ಲ. ಆ ಶ್ರಾವಣ ಉಳವಿ ತಪ್ಪಿತು. ನಾಲ್ಕು ಊರಿನ ಜನರನ್ನು ಮಾತಾಡಿಸಿಕೊಂಡು ಬರುತ್ತಿದ್ದ ಹೆಂಗಸು, ಹಾಲು ಕೊಡುವವಳಿಗೂ ಬಾಗಿಲ ಹಿಂದಿನಿಂದ ಉತ್ತರ ಕೊಡತೊಡಗಿದರು.

"ಬೋಳು ಬಾಯಿ ತಗೊಂಡು ನಾಕ ಮಂದ್ಯಾಗ ಹೆಂಗ ಹೋಗ್ಲೆವ್ವಾ? ದೇವರಿಗೆ ಇಲ್ಲಿಂದನ ಕೈ ಮುಗದೇನಿ ಬಿಡು," ಅನ್ನುತ್ತಿದ್ದರು.

ನಾನು ಮೈದುನನ ಬೆನ್ನು ಹತ್ತಿದೆ. "ಕಾರಿನ ಮಾರಿ ಎರಡೆರಡ ಸಲ ಬದಲ ಮಾಡಾಕತ್ತಿ. ಹಡದ ತಾಯಿ ಹಲ್ಲಿನ ಸೆಟ್ ಒಬ್ಬ ಡಾಕ್ಟರಿಗೆ ತೋರಸಾಕ ಆಗಂಗಿಲ್ಲೇನು?"

"ಡಾಕ್ಟರ್ ಯಾಕ್ರಿ ವೈನಿ? ಅದು ಫಿಟ್ಟಿಂಗಿಂದ ತಕರಾರು. ಮಿಸ್ತ್ರಿ ಕಡೆ ಕೊಟ್ರ ಜರಾ ಉಜ್ಜಿ ಕೊಡ್ತಾನ."

ಅತ್ತೆ ಗಡಬಡಿಸಿ ಎದ್ದು ಲೋಟವನ್ನು ದೇವರ ಜಗಲಿಯ ಹಿಂದೆ ಬಚ್ಚಿಟ್ಟರು. ಕೆಂಪು ಬಣ್ಣ ಹೊಡೆಸಿ ತಂದರೆ ಗತಿಯೇನು!

ಮೂರನೆಯ ಬಂಪರು ನೆಲದಿಂದ ನಾಲ್ಕೇ ಬೆರಳು ಮೇಲಿತ್ತು. ಮಹಾನವಮಿಯ ಖಂಡೇಪೂಜೆಗೆ ಎಲ್ಲ ಗಾಡಿಗಳಿಗೂ ಕಾಯಿ ಒಡೆದ ಹಾಗೆ ಅದಕ್ಕೂ ಮುಂದೆ ಚಪ್ಪಟೆ ಕಲ್ಲಿಟ್ಟು ಕಾಯಿ ಒಡೆದೆ. ಗಾಲಿಗೆ ನಿಂಬೆಹಣ್ಣು ಇಟ್ಟೆ. ಇವನು ಗಾಡಿ ಮುಂದೆ ಬಿಟ್ಟ. ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಲಟ್ ಅಂತ ಸದ್ದು!

"ಕಲ್ಲ ತಗೀಲಿಲ್ಲೇನ್ರಿ ವೈನಿ!"

"ಮೂವತ್ತ ವರ್ಷದಿಂದ ಅದ ಕಲ್ಲು! ನಿಮ್ಮಣ್ಣನ ಸ್ಕೂಟರ್ ದಾಟೈತಿ, ಬಾಜೂಮನಿ ಟ್ರ್ಯಾಕ್ಟರ್ ದಾಟೈತಿ. ನಿಂದೊಂದ ದಾಟಂಗಿಲ್ಲ ಅಂತ ನನಗೇನ ಗೊತ್ತು?"

ದೃಷ್ಟಿ ತೆಗೆಯಲು ಇಟ್ಟ ಕಲ್ಲಿನಿಂದಲೇ ಗಾಡಿಗೆ ಪೆಟ್ಟಾದದ್ದು ಇಡೀ ತಾಲೂಕಿನಲ್ಲಿ ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ಇನ್ನಾದರೂ ಎತ್ತರದ್ದು ಮಾಡಿಸುತ್ತಾನೆ ಅಂದುಕೊಂಡಿರಾ? ನಾಲ್ಕನೆಯದು ಎರಡೇ ಬೆರಳು! ಅಂಗಳದಿಂದ ರಸ್ತೆಗೆ ಇಳಿಸಲು ಹಲಗೆ ಹಾಸಬೇಕು. ರಸ್ತೆಯ ಉಬ್ಬು ಬಂದರೆ ಇಳಿದು, ಬಗ್ಗಿ ನೋಡಿ, ಕಾರನ್ನು ಏಡಿಯ ಹಾಗೆ ಓರೆಯಾಗಿ ದಾಟಿಸಬೇಕು. ದಾಂಡೇಲಿಗೆ ಹೊರಟವನನ್ನು ಹೋಗುವ ಬಸ್ಸು ಒಮ್ಮೆ ಹಿಂದೆ ಹಾಕುತ್ತಿತ್ತು, ತಿರುಗಿ ಬರುವಾಗ ಅದೇ ಬಸ್ಸು ಎದುರಾಗುತ್ತಿತ್ತು. ಆದರೂ ಆ ಬಂಪರಿನ ಮೇಲೆ ಎಂಥ ಪ್ರೀತಿ! ತಾನು ಸ್ನಾನ ಮಾಡುವ ಮೊದಲು ಅದನ್ನು ಒರೆಸುತ್ತಿದ್ದ. ಅದರ ಮೇಲೆ ಕೋಳಿ ನೆರಳು ಬಿದ್ದರೂ ಓಡಿ ಬರುತ್ತಿದ್ದ.

ಈ ವರ್ಷ ಮತ್ತೆ ಶ್ರಾವಣ ಬಂತು. ಜೀಪು ಹೇಳುತ್ತೇನೆ ಅಂದೆ, ಅತ್ತೆ ಒಲ್ಲೆ ಅಂದರು. ಸೆರಗು ಹೊದ್ದುಕೊಂಡೇ ಬನ್ನಿ ಅಂದೆ, ಅದಕ್ಕೂ ಒಲ್ಲೆ. ಎರಡು ಸೋಮವಾರ ಹೋದವು.

ಮೂರನೆಯ ಸೋಮವಾರ ಬೆಳಿಗ್ಗೆ ಮಳೆ ಹೊಳವಾಗಿತ್ತು. ಪೂಜೆಗೆ ಕೂತಿದ್ದೆ, ಅಂಗಳದಲ್ಲಿ ನಟ್ಟು ಬಿಚ್ಚುವ ಪಾನಾದ ಸದ್ದು. ಐದನೆಯದು ಬಂತು, ಇವತ್ತು ಬಿಡಬಾರದು ಎಂದು ಎದ್ದು ಹೊರಗೆ ಬಂದೆ. ನೋಡಿದರೆ ಕಾರಿಗೆ ಬಂಪರೇ ಇಲ್ಲ! ಒಳಗಿನ ಕಬ್ಬಿಣದ ಪಟ್ಟಿ, ಹಾರ್ನು, ಜೋತಾಡುವ ವೈರು, ಎಲ್ಲ ಬಟಾಬಯಲು.

"ಹೊಸಾದು ಎಲ್ಲೈತೋ?"

"ಹೊಸಾದು ಇಲ್ರಿ. ಅವ್ವನ್ನ ಕರೀರಿ."

ಕರೆಯುವುದೇನು ಬಂತು, ಅವರು ಆಗಲೇ ಕಿಟಕಿಯಲ್ಲಿದ್ದರು. ಇವನು ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋದ.

"ಅವ್ವಾ, ನೋಡಿಲ್ಲೆ. ಇದಕ್ಕೂ ಹಲ್ಲ ಇಲ್ಲ. ದಾಂಡೇಲಿ ಪ್ಯಾಟ್ಯಾಗ ನಾ ಇದನ್ನ ಹಿಂಗ ಒಯ್ಯಾಂವ. ಮಂದಿ ನಕ್ರ ಮೊದಲ ಇದನ್ನ ನೋಡಿ ನಗ್ತಾರ. ನಿನ್ನ ಕಡೆ ಯಾರು ನೋಡ್ತಾರ? ನಡಿ, ಹೋಗೂಣು."

ಅತ್ತೆ ಕಾರನ್ನು ನೋಡಿದರು, ಮಗನನ್ನು ನೋಡಿದರು. "ಅಯ್ಯ ನನ್ನ ಹಡದಪ್ಪಾ, ಇದರ ಮಾರಿಗೆ ಏನ ಬಂತೋ!" ಎಂದು ನಗತೊಡಗಿದರು. ಸೆರಗು ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಒಂದು ವರ್ಷದಿಂದ ಕಾಣದ ಬಾಯಿ ಕಿಟಕಿಯ ತುಂಬ ನಗುತ್ತಿತ್ತು.

ಅತ್ತೆಯನ್ನು ಮುಂದೆ ಇಳಿಸಿದೆವು. ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ಹಚ್ಚಿಕೊಂಡು ಮಡಿಚಿಟ್ಟ ಕೊಡೆಯಂತೆ ಕೂತೆ. ದಾಂಡೇಲಿಯಲ್ಲಿ ಮಿಸ್ತ್ರಿ ರಸ್ತೆಗೇ ಓಡಿ ಬಂದ. "ಯಾರ ಗುದ್ದಿದ್ರೋ ಮಾರಾಯಾ? ನನ್ನ ಬಂಪರ್ ಎಲ್ಲಿ?" ಇವನ ಕಿವಿ ಕಾರಿಗಿಂತ ಕೆಂಪಾಯಿತು. ಗಾಜು ಇಳಿಸಿ, "ಯಾರೂ ಗುದ್ದಿಲ್ಲ. ಅವ್ವನ ಹಲ್ಲಿನ ಸೆಟ್ ಕೂರೂತನಕ ಇದು ಹಿಂಗ," ಅಂದು ಗಾಡಿ ಬಿಟ್ಟ. ಜೋಯಿಡಾ ದಾಟಿದ ಮೇಲೆ ಎಷ್ಟು ಉಬ್ಬು, ಎಷ್ಟು ತಗ್ಗು! ಒಂದಕ್ಕೂ ಲಟ್ ಅನ್ನಲಿಲ್ಲ.

ಉಳವಿಯಲ್ಲಿ ಅತ್ತೆ ಪರಿಚಯದವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದರು. ಬೋಳು ಬಾಯಲ್ಲೇ. ಗರ್ಭಗುಡಿಯ ಮುಂದೆ ನಿಂತು ಎಂದಿನಂತೆ ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳತೊಡಗಿದರು. ಪಕ್ಕದಲ್ಲಿ ಮೈದುನ ಗ್ರೀಸು ಮೆತ್ತಿದ ಕೈ ಜೋಡಿಸಿ ನಿಂತಿದ್ದ. ನನ್ನ ಬೇಡಿಕೆ ನಾಲಿಗೆಯ ತುದಿಯವರೆಗೆ ಬಂದಿತ್ತು.

ಕೈ ಮುಗಿದೆ. ಬುದ್ಧಿಯ ವಿಷಯ ಎತ್ತಲಿಲ್ಲ.