ಈರಣ್ಣನನ್ನು ಕರೆಯಲು ಹೋದದ್ದು

ದೋಣಿ ಮಗುಚಬಹುದಿತ್ತು. ಮಗುಚದಿದ್ದರೂ ತಳಕ್ಕೆ ತೂತು ಬೀಳಬಹುದಿತ್ತು. ನನ್ನ ಹೊಟ್ಟೆಯ ಸುತ್ತಳತೆಗೆ ಲೈಫ್ ಜಾಕೆಟ್ಟಿನ ಬಕಲ್ ಹತ್ತದೇ ಇರಬಹುದಿತ್ತು. ಹತ್ತಿದ್ದು ಬಿಚ್ಚಲು ಬಾರದೆ, ಅದನ್ನು ತೊಟ್ಟುಕೊಂಡೇ ಸೋಮವಾರ ಆಫೀಸಿಗೆ ಹೋಗಬೇಕಾಗಬಹುದಿತ್ತು. ಮೊಸಳೆ, ಸುಳಿ, ಜಿಗಣೆ, ಕನ್ನಡಕ ನೀರುಪಾಲಾಗುವುದು, ಅಣೆಕಟ್ಟಿನವರು ನಮ್ಮನ್ನು ಕೇಳದೆ ನೀರು ಬಿಡುವುದು, ಎಲ್ಲವನ್ನೂ ನಾನು ವಿಜಯಪುರದ ಮನೆಯ ಮಂಚದ ಮೇಲೇ ಅನುಭವಿಸಿ, ಮುಳುಗಿ ಎದ್ದಿದ್ದೆ. ನಮಗೆ ನೀರಿನ ಪರಿಚಯವೆಂದರೆ ನಲ್ಲಿಯ ಮೂಲಕ, ಅದೂ ನಲ್ಲಿ ಬಂದ ದಿನ. ಅಂಥವನು ಕಾಳಿ ನದಿಯಲ್ಲಿ ಅರ್ಧ ದಿನ ಹುಟ್ಟು ಹಾಕುತ್ತೇನೆಂದರೆ ಹೆಂಡತಿ ನಂಬಲಿಲ್ಲ. "ಬಕೀಟಿನ್ಯಾಗ ಇಣುಕಾಕ ಅಂಜತೀರಿ, ನೀವು ಹೊಳಿಗಿ ಹೊಂಟೀರಿ?" ಎಂದಳು.

ಹೋದದ್ದು ತಂಗಿ ಕಸ್ತೂರಿಯ ಸಲುವಾಗಿ. ಬಬಲೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಗಂಡ ಈರಣ್ಣ, ಹೋದ ವರ್ಷ ಎದೆನೋವೆಂದು ಕೂತವನು ಏಳಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಕಾಡಿದರೆ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೆಸರು ಹೇಳಿ, ಸೆರಗು ಮುಚ್ಚಿಕೊಂಡು ನಗುವುದುಂಟು. ಒಡಪಿನಲ್ಲಿ ಕಸ್ತೂರಿ ಎತ್ತಿದ ಕೈ. ಆದರೆ ಗಂಡ ಹೋದವಳನ್ನು ಒಡಪು ಹೇಳೆಂದು ಯಾರು ಕಾಡುತ್ತಾರೆ? ಆ ಹೆಸರು ಅವಳ ಬಾಯಿಗೆ ಬರುವ ಇದ್ದೊಂದು ದಾರಿಯೂ ಮುಚ್ಚಿಹೋಯಿತು.

ಒಂದು ದಿನ ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಯಾರೋ ಕಾಡಿನ ಹೊಳೆಯಲ್ಲಿ ದೋಣಿ ನಿಲ್ಲಿಸಿ ಕೂಗುತ್ತಿದ್ದರು. ಗುಡ್ಡ ತಿರುಗಿ ಕೂಗುತ್ತಿತ್ತು.

"ಯಣ್ಣಾ, ಇದು ಖರೇನ ಏನೋ?"

"ಖರೇ ಇರಬೇಕವ್ವ. ಯಾಕ?"

"ನಮ್ಮ ಕಡೆ ಬಯಲಾಗ ಒದರಿದ್ರ ದನಿ ಹ್ವಾದದ್ದು ಹ್ವಾದಂಗ. ಅಲ್ಲಿ ಒಮ್ಮಿ ಅವರ ಹೆಸರು ಹಿಡದು ಕರೀಬೇಕು. ತಿರುಗಿ ಬಂದದ್ದು ಕೇಳಬೇಕು. ಅಷ್ಟ."

ಇಷ್ಟಕ್ಕೆ ಇಲ್ಲವೆನ್ನಲು ನನ್ನ ಬಳಿ ಮೊಸಳೆ ಬಿಟ್ಟರೆ ಬೇರೆ ಕಾರಣವಿರಲಿಲ್ಲ.

"ಹೊಸಬರಿಗಂತನ ಇರೋ ನೀರ್ರಿ ಸರ್ ಇದು," ಎಂದ, ಕಾಳಿಯ ದಂಡೆಯಲ್ಲಿ ನಮಗೆ ಬಾಡಿಗೆ ದೋಣಿ ಕೊಟ್ಟ ದೋಣಿಯವ. "ಮುಂದ ಕುಂತವ್ರು ಹುಟ್ಟು ಹಾಕ್ರಿ, ಹಿಂದ ಕುಂತವ್ರು ದಿಕ್ಕು ನೋಡ್ರಿ." ಅವನು ತನ್ನ ದೋಣಿಯಲ್ಲಿ ಮುಂದೆ ಹೊರಟ. ನನ್ನ ಮಗಳ ಚೂಡಿದಾರ ತೊಟ್ಟಿದ್ದ ಕಸ್ತೂರಿ ಮುಂದೆ, ದಿಕ್ಕು ನೋಡಲು ನಾನು ಹಿಂದೆ. ನಮ್ಮ ದೋಣಿ ಎಡದಂಡೆಯ ಬಿದಿರನ್ನೊಮ್ಮೆ, ಬಲದಂಡೆಯ ಬಿದಿರನ್ನೊಮ್ಮೆ ವಿಚಾರಿಸಿಕೊಳ್ಳುತ್ತ ಸಾಗಿತು. "ಸಂತ್ಯಾಗ ಆಕಳಾ ಅಡ್ಡಾಡಿದಂಗ ಆತಲ್ಲೋ!" ಎಂದಳು. ಎಷ್ಟೋ ತಿಂಗಳ ಮೇಲೆ ಅವಳಾಡಿದ ಕುಚೋದ್ಯ. ಖುಷಿಪಡಲು ನನಗೆ ಪುರುಸೊತ್ತಿರಲಿಲ್ಲ. ತೇಲಿ ಬರುತ್ತಿದ್ದ ಕೊರಡೊಂದಕ್ಕೆ ಕಣ್ಣುಗಳಿವೆಯೇ ಎಂದು ನೋಡುತ್ತಿದ್ದೆ.

ಗುಡ್ಡ ನೀರಿಗೇ ಇಳಿದು ನಿಂತಂತಿದ್ದ ತಿರುವಿನಲ್ಲಿ ದೋಣಿಯವ "ಇಲ್ಲೇರಿ" ಎಂದು ಕೈಮಾಡಿ ದೂರ ಸರಿದ. ಕಸ್ತೂರಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಕೈ ಹೆಗಲ ಮೇಲೆ ಹೋಗಿ, ಇಲ್ಲದ ಸೆರಗನ್ನು ಹುಡುಕಿ ಕೆಳಗಿಳಿಯಿತು. ಇಷ್ಟು ಕಂಡವನೇ ನಾನು ಮತ್ತೆ ಕೊರಡಿನ ಕಡೆ ತಿರುಗಿದೆ.

ಆಗಲೇ ಕೂಗಿದಳು. ಹೆಸರಿನ ಮೊದಲರ್ಧ ಅವಳ ಗಂಟಲಲ್ಲೇ ಉಳಿಯಿತು, ನನ್ನ ಕಿವಿಗೆ ಬಿದ್ದದ್ದು "ಅಣ್ಣಾ!"

"ಓ! ಏನಾತವ್ವಾ!" ಎಂದು ಹೊಟ್ಟೆಯಿಂದ ಒದರಿದೆ.

ಅವಳ ದನಿ ಸಣ್ಣದು, ನನ್ನದು ಅಂಜಿದವನ ದನಿ. ಗುಡ್ಡ ನನ್ನದನ್ನೇ ಎತ್ತಿಕೊಂಡು, ಓ… ಏನಾತವ್ವಾ… ಏನಾತವ್ವಾ… ಎಂದು ಕಾಡೆಲ್ಲ ವಿಚಾರಿಸಿತು.

ಏನಾಯಿತೆಂದು ನನಗೆ ಆಮೇಲೆ ತಿಳಿಯಿತು. ಕಸ್ತೂರಿಯ ಭುಜಗಳು ಅಲುಗುತ್ತಿದ್ದವು. ನಗುವೋ ಅಳುವೋ, ಹಿಂದೆ ಕೂತವನಿಗೆ ಮುಖ ಕಾಣುವುದಿಲ್ಲ.

"ಇನ್ನೊಮ್ಮಿ ಕರಿಯವ್ವ. ನಾ ಬಾಯಿ ಮುಚ್ಚಿಕೊಂಡಿರ್ತೀನಿ."

"ಬ್ಯಾಡ ಬಿಡು. ಮತ್ತ ಬಾಯಿಗಿ ಬರೂದಿಲ್ಲದು." ಹುಟ್ಟು ಎತ್ತಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, ತಿರುಗದೆಯೇ, "ಯಾರ್ನ ಕರದ್ರೂ ಇನ್ನ ನೀನ ಓ ಅನ್ನಾವಲ್ಲೋ," ಎಂದಳು.

ಉಳಿದದ್ದೆಲ್ಲ ಸುಸೂತ್ರವಾಗಿ ನಡೆಯಿತು. ತಪ್ಪಿದ್ದು ಸಣ್ಣದೊಂದೇ: ಅವಳ ದನಿ ಹೊಳೆ ದಾಟುವ ಮೊದಲೇ ನಾನು ಓಗೊಟ್ಟೆ.